ಕೂಗದ ಹಾರ್ನ್

ಭಾವ ನಕ್ಕಿದ್ದೇ ತಪ್ಪಾಯ್ತು. ಅದೂ ಟೀ ಅಂಗಡಿ ಮುಂದೆ, ಊರ ಬಾಯೆಲ್ಲ ಸೇರಿದ್ದಾಗ.

"ನಮ್ಮ ಕಿಡಿಗೆ ವ್ಯಾನಿನ ಶಾರ್ಟು ಸಿಕ್ಕಿಲ್ಲ ಕಣ್ರೋ. ಆದ್ರೆ ಶಾರ್ಟಿಗೆ ಇವನು ದಿನಾ ಸಿಗ್ತಾನೆ! ನಾಳೆ ಗಾಡೀನ ಆ ಕನ್ನಡಕದ ಮೆಕ್ಯಾನಿಕ್ಕು, ಸೋಡಾಬುಡ್ಡಿ ಗ್ಯಾರೇಜಿಗೆ ಬಿಡ್ತೀನಿ."

ಕಿಡಿ ಅಂದ್ರೆ ಗಾಡಿಗಳ ವೈರಿಂಗ್ ಮಾಡೋನು, ಭಾವನ ಹೆಂಡ್ತಿಗೆ ಖಾಸಾ ತಮ್ಮ. ಅವನ ಮೈಯೆಲ್ಲ ಉರಿದುಹೋಯ್ತು. ಆ ಉರಿ ಮೇಲೆ ಕೆಟಲ್ ಇಟ್ಟಿದ್ರೆ ಅಂಗಡಿಯವನಿಗೆ ಗ್ಯಾಸ್ ಉಳೀತಿತ್ತು.

ಭಾವನ ಆ ಮುದಿ ವ್ಯಾನೋ, ಪಿಶಾಚಿ. ಒಳಗೆಲ್ಲೋ ಒಂದು ವೈರು ತಗಡಿಗೆ ತಾಗಿ ಶಾರ್ಟ್ ಆಗ್ತಿತ್ತು. ಎಡಕ್ಕೆ ತಿರುಗಿಸಿದ್ರೆ ಒಮ್ಮೆ ವೈಪರ್ ಕುಣಿಯೋದು, ಒಮ್ಮೆ ಫ್ಯೂಸ್ ಹಾರೋದು, ಮತ್ತೊಮ್ಮೆ ಏನೂ ಇಲ್ಲ, ಸಾಧು. ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿದ್ರೆ ಮಾತ್ರ ತಪ್ಪದೆ ಹಾರ್ನ್ ಕೂಗೋದು. ಆ ಕೂಗಿಗೆ ಪಕ್ಕದ ಬೀದಿಯ ಕಿವುಡಜ್ಜ ಎದ್ದು, "ಯಾರೋ ಕರೆದಿದ್ದು?" ಅಂತ ಬಾಗಿಲು ತೆಗೆದಿದ್ದುಂಟು. ವೈರುಗಳನ್ನೆಲ್ಲ ಎಳೆ ಎಳೆಯಾಗಿ ಬಿಚ್ಚಿ ನೋಡಿದ್ದ ಕಿಡಿ. ಸಿಕ್ಕಿರಲಿಲ್ಲ. ಅದು ಸೋಡಾಬುಡ್ಡಿಗೆ ಸಿಕ್ಕಿಬಿಟ್ರೆ? ಆಮೇಲೆ ಇವನ ಕೈಗೆ ಟಾರ್ಚ್ ರಿಪೇರಿನೂ ಯಾರೂ ಕೊಡಲ್ಲ.

ವ್ಯಾನೇ ಇಲ್ದಿದ್ರೆ? ಹುಡುಕಲಿ ಬೂದೀಲಿ! ಗಾಡಿಗೆ ಶಾರ್ಟಿದೆ ಅಂತ ಊರಿಗೇ ಗೊತ್ತು. ಬೆಂಕಿ ಬಿದ್ರೆ ಬೈಗುಳ ಶಾರ್ಟಿಗೆ, ಮರ್ಯಾದೆ ಕಿಡಿಗೆ. "ಒಂದಿನ ಹತ್ಕೊಂಡು ಉರಿಯುತ್ತೆ, ಹುಷಾರು" ಅಂತ ಭಾವನಿಗೆ ಎಂದೋ ಹೇಳಿದ್ದ. ಇನ್ನೂ ಏನೇನೋ ಬುದ್ಧಿ ಹೇಳಿದ್ದ. ಆ ಮನುಷ್ಯ ಯಾವತ್ತು ಇವನ ಮಾತು ಕೇಳಿದ್ದಾನೆ?

ಅವತ್ತೇ ಮಧ್ಯಾಹ್ನ, ಭಾವ ಒಳಗೆ ಗೊರಕೆ ಹೊಡೀತಿದ್ದಾಗ, ಕಿಡಿ ಹಿತ್ತಲ ಶೆಡ್ಡಿಗೆ ನುಗ್ಗಿದ. ಡ್ಯಾಶ್‌ಬೋರ್ಡ್ ಕೆಳಗೆ ವೈರಿನ ಮೈ ಕೆರೆದು, ತಾಮ್ರವನ್ನ ತಗಡಿಗೆ ಒತ್ತಿದ. ಹಾರ್ನ್ ಕೂಗಲಿಲ್ಲ. ಒಂದು ಚಿಟಪಟನೂ ಇಲ್ಲ. "ಸೊಕ್ಕಿಳೀತಾ, ಮುದಿಗೊಡ್ಡು?" ಅಂತ ಹಲ್ಲು ಕಡಿದ. ಎಣ್ಣೆ ಬಟ್ಟೆ ತುರುಕಿ, ನಡುವೆ ಗಿಡ್ಡ ಮೋಂಬತ್ತಿ ಹಚ್ಚಿಟ್ಟ. ಅದು ಬಟ್ಟೆಗೆ ತಾಗೋ ಹೊತ್ತಿಗೆ ತಾನು ಜಗಲಿ ಮೇಲೆ, ಅಕ್ಕನ ಕಣ್ಣೆದುರಿಗೇ ಇರಬೇಕು.

ಅಕ್ಕ ಟೀ ಕೊಟ್ಟಳು. "ಮುಖ ಯಾಕೋ ಸುಟ್ಟ ಬದನೆಕಾಯಿ ಥರ ಇದೆ?"

"ನಿನ್ನ ಗಂಡನ್ನ ಕೇಳು."

ಪಕ್ಕದಲ್ಲಿದ್ದ ಗೋಣಿ ಹೊದ್ದ ಡಬ್ಬದ ಮೇಲೆ ಲೋಟ ಇಟ್ಟ. ವಾಲಿತು. ಅದರ ಮೇಲೂ ಸಿಟ್ಟು ಬಂತು, ಲೋಟ ಎತ್ತಿ ನೆಲಕ್ಕೆ ಕುಕ್ಕಿದ.

ಹೊಗೆ ಎದ್ದಾಗ ಮೊದಲು ಕಿರುಚಿದ್ದೂ ಅವನೇ. "ಶಾರ್ಟು! ಬಡ್ಕೊಂಡಿರ್ಲಿಲ್ವಾ ನಾನು!" ಬೀದಿಗೆ ಬೀದಿಯೇ ಬಿಂದಿಗೆ ಹಿಡಿದು ಬಂತು, ಸೋಡಾಬುಡ್ಡಿನೂ ಬಂದ. ಅವನ ಎದುರು ಎದೆ ಉಬ್ಬಿಸಿ ನಿಂತು, "ಕೇಳ್ಕೋ, ಶಾರ್ಟ್ ಬಿಟ್ರೆ ಬೇರೆ ಏನೂ ಅಲ್ಲ, ನಾನು ಬರ್ಕೊಡ್ತೀನಿ" ಅಂದ ಕಿಡಿ.

ಭಾವ ನಗಲಿಲ್ಲ. ಜಗಲಿಗೆ ಹೋಗಿ ಡಬ್ಬದ ಮೇಲಿನ ಗೋಣಿ ಎಳೆದ. ವ್ಯಾನಿನ ಬ್ಯಾಟ್ರಿ. "ಗಾಡಿ ನಿಲ್ಲಿಸಿದಾಗೆಲ್ಲ ಇದನ್ನ ಬಿಚ್ಚಿ ಮನೇಲಿಡಿ ಭಾವ, ಇದಿಲ್ದಿದ್ರೆ ಶಾರ್ಟೇ ಆಗಲ್ಲ ಅಂದಿದ್ದೆಯಲ್ಲೋ," ಅಂದ, "ಅವತ್ತಿಂದ ಒಂದು ದಿನಾನೂ ತಪ್ಪಿಸಿಲ್ಲ ಕಣೋ."