ಅಕ್ಕನ ಪಿಂಗಾಣಿ ತೊಟ್ಟಿ

ಅಮ್ಮನ ಚಿನ್ನದ ಅವಲಕ್ಕಿ ಸರ ಅಕ್ಕನ ಪಾಲಿಗೆ ಹೋದದ್ದನ್ನು ಮಹಾಲಿಂಗಯ್ಯ ಎಂದೂ ಬಾಯಿಬಿಟ್ಟು ಆಡಿದವನಲ್ಲ. ಹಾಗೆಂದು ಮರೆತವನೂ ಅಲ್ಲ. ಮಧುಗಿರಿಯಲ್ಲಿ ಕಬ್ಬಿಣದ ಅಂಗಡಿ ಇಟ್ಟು ತಲೆಯೆತ್ತಿ ಓಡಾಡುವವನ ಹೆಂಡತಿ ಇಂದ್ರಮ್ಮ ಬರಿಗೊರಳಲ್ಲಿ ಮದುವೆಮನೆಗಳಿಗೆ ಹೋಗಬೇಕು, ಗಂಡ ಸತ್ತು ತಮ್ಮನ ಮನೆ ಸೇರಿದ ಸಿದ್ದಗಂಗಮ್ಮನ ಪೆಟ್ಟಿಗೆಯಲ್ಲಿ ಸರ ಸುಮ್ಮನೆ ಬಿದ್ದಿರಬೇಕು. ಇದೆಲ್ಲಿಯ ನ್ಯಾಯ? ಅಮ್ಮ ತೀರಿಕೊಂಡ ಮೇಲೆ ತನ್ನನ್ನು ಸಾಕಿ ಬೆಳೆಸಿದವಳು ಆ ಅಕ್ಕನೇ ಎಂಬುದು ನೆನಪಾದಾಗಲೆಲ್ಲ ಅವನಿಗೆ ಸಿಟ್ಟು ಇನ್ನಷ್ಟು ಬರುತ್ತಿತ್ತು.

ಸ್ವಾತಂತ್ರ್ಯ ಬಂದು ಹತ್ತು ವರ್ಷವಾದ ಹೊತ್ತಿಗೆ ಅಕ್ಕನ ಮಂಡಿಗಳು ಹಿಡಿದುಕೊಂಡವು. ಕಣ್ಣಿಗೆ ಮೊದಲೇ ಪೊರೆ ಬಂದು ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ದಿನವೂ ಎದೆಮಟ್ಟ ಬಿಸಿನೀರಿನಲ್ಲಿ ಕೂರಿಸಬೇಕೆಂದು ಡಾಕ್ಟರು ಹೇಳಿದರು. ಕಲ್ಲಿನ ತೊಟ್ಟಿ ಬೇಡ, ನೀರಿನ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಸಿಮೆಂಟಿನದೂ ಅಷ್ಟೇ. ತಾಮ್ರವಾದರೆ ಮೈ ಸುಡುತ್ತದೆ. ಪಿಂಗಾಣಿ ಬಳಿದ ಕಬ್ಬಿಣದ್ದೇ ಸರಿ, ಬೆಂಗಳೂರಿನಿಂದ ತರಿಸಬೇಕು ಎಂದರು. ಅಕ್ಕ ಎರಡು ಮಾತಾಡದೆ ಪೆಟ್ಟಿಗೆಯಿಂದ ಸರ ತೆಗೆದು ತಮ್ಮನ ಅಂಗೈಯಲ್ಲಿಟ್ಟಳು.

"ಇದನ್ನ ಮಾರಿ ತಂದಾಕು ಕಣಪ್ಪ. ನೀನಿದ್ದೀಯಲ್ಲ, ನಂಗ್ಯಾಕೆ ಚಿಂತೆ."

ಆ ತೂಕ ಅಂಗೈಗೆ ಬಿದ್ದ ಗಳಿಗೆಯಲ್ಲೇ ಅವನ ಬುದ್ಧಿ ಕೆಟ್ಟಿತು.

ಕೆಟ್ಟ ಬುದ್ಧಿಯಾದರೂ ಚುರುಕು ಬುದ್ಧಿ. ಕೊರಟಗೆರೆಯಲ್ಲಿದ್ದ ನೆಂಟರ ಮನೆಗೆ ಅಕ್ಕನನ್ನು, ಆಸರೆಗೆಂದು ಜೊತೆಯಲ್ಲಿ ಇಂದ್ರಮ್ಮನನ್ನೂ ಬಸ್ಸು ಹತ್ತಿಸಿದ. ಬಚ್ಚಲುಮನೆಯ ಹಳೆಯ ಹಾಸುಗಲ್ಲು ಕೀಳಿಸಿ, ಸಿರಾದಿಂದ ಗಾರೆ ಕೆಲಸದ ಜಹೀರ್ ಅಹಮದನನ್ನು ಕರೆಸಿದ. ಅವನು ಹೇಳಿದ ಕೆಲಸ ಮಾಡಿ ಊರಿಗೆ ಹೋಗುವವನು, ಊರ ಪಂಚಾಯಿತಿ ಅವನಿಗೆ ಬೇಡ. ಸಿಮೆಂಟಿನಲ್ಲೇ ಅಗಲವಾದ, ಆಳವಾದ ತೊಟ್ಟಿ ಎದ್ದಿತು. ಕೈಯಾಡಿಸಿದರೆ ಜಾರುವಷ್ಟು ಉಜ್ಜಿಸಿ, ಬಿಳಿ ಎನಾಮಲ್ ಬಣ್ಣವನ್ನು ಪದರದ ಮೇಲೆ ಪದರ ಹೊಡೆಸಿದ. ಅಕ್ಕ ಬೆರಳಿನಿಂದ ತಟ್ಟಿ ನೋಡುವವಳೆಂದು ಗೊತ್ತಿತ್ತು. ಅದಕ್ಕೆಂದೇ ಅಂಚಿನುದ್ದಕ್ಕೂ ಬಣ್ಣದ ಕೆಳಗೆ ಕಬ್ಬಿಣದ ತಗಡು ಕೂರಿಸಿದ. ತಟ್ಟಿದರೆ ಠಣ್ ಎನ್ನಬೇಕು. ಬೀದಿಯ ಬಾಯಿಗೂ ಏನಾದರೂ ಹಾಕಬೇಕಲ್ಲ? ಹಾಡುಹಗಲೇ ಲಾರಿಯಿಂದ ಭಾರಿ ಮರದ ಪೆಟ್ಟಿಗೆಯೊಂದು ಇಳಿಯಿತು. ಒಳಗಿದ್ದದ್ದು ಹುಲ್ಲು, ಜಲ್ಲಿಕಲ್ಲು. ಹೊತ್ತವರು ಬೆವರಿದ್ದನ್ನು ಎಲ್ಲರೂ ಕಂಡರು. ಪೆಟ್ಟಿಗೆ ಹಿತ್ತಲು ಸೇರಿ ಬಚ್ಚಲ ಒಲೆಗೆ ಸೌದೆಯಾಯಿತು. ಸರವನ್ನು ಸಿರಾದ ಅಕ್ಕಸಾಲಿ ಕರಗಿಸಿ ಬೇರೆ ಮಾದರಿಯಲ್ಲಿ ಕಟ್ಟಿಕೊಟ್ಟ. ಅಂಗಡಿಯ ಲಾಭದಲ್ಲಿ ಮಾಡಿಸಿದ್ದೆಂದು ಇಂದ್ರಮ್ಮನೂ ನಂಬಿದಳು.

ಅಕ್ಕ ಬಂದಳು. ಸವರಿದಳು, ತಟ್ಟಿದಳು, ಠಣ್ ಎಂದಿತು. ನನ್ನ ತಮ್ಮನಂಥವನು ಯಾರಿಗುಂಟು ಎಂದು ಮನೆಗೆ ಬಂದ ಬೀದಿಯವರಿಗೆಲ್ಲ ಹೇಳಿಕೊಂಡಳು.

ಡಾಕ್ಟರು ಹೇಳಿದಂತೆಯೇ ಸಿಮೆಂಟು ನೀರಿನ ಬಿಸಿಯನ್ನು ಹೀರುತ್ತಿತ್ತು. ಅಕ್ಕ ಮಾತ್ರ ಒಂದು ದಿನವೂ ದೂರಲಿಲ್ಲ. ಚಳಿಗೆ ಹಲ್ಲು ಕಟಕಟಿಸುತ್ತಾ, "ಬೆಚ್ಚಗೈತೆ ಕಣಪ್ಪ" ಎನ್ನುತ್ತಿದ್ದಳು. ತಪ್ಪು ಮಾಡಿದವನು ಅಂಗಡಿ ಬಿಟ್ಟು ಬಂದು ಕೊಳಗದ ಮೇಲೆ ಕೊಳಗ ಬಿಸಿನೀರು ಹೊತ್ತು ಸುರಿಯುತ್ತಿದ್ದ. ಎಷ್ಟು ಸುರಿದರೂ ಅವನ ಎದೆಯ ಉರಿ ಆರಲಿಲ್ಲ. ಒಂದು ದಿನ ಅಕ್ಕ ಇಂದ್ರಮ್ಮನ ಹೊಸ ಸರವನ್ನು ಬೆರಳಲ್ಲಿ ಸವರಿ, "ಚೆಂದಾಗೈತೆ ಕಣಮ್ಮ. ಪಾಪ, ಕಷ್ಟಪಟ್ಟು ಮಾಡಿಸವ್ನೆ" ಎಂದಾಗ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೇಳಿಬಿಡೋಣ ಎನಿಸಿತು. ಹೇಳಿದರೆ ಅಕ್ಕನ ಬಾಯಲ್ಲಿ ತನ್ನ ಹೆಸರು ಮತ್ತೆ ಹಾಗೆ ಬರುವುದಿಲ್ಲ ಎಂದೂ ಎನಿಸಿತು. ಎಲ್ಲೂ ಒಂದು ಬಿರುಕಿಲ್ಲದ ಕೆಲಸ, ತಾನಾಗಿ ಯಾಕೆ ಒಡೆಯಬೇಕೆಂದು ಸುಮ್ಮನಾದ.

ಶ್ರಾವಣದ ಒಂದು ಸೋಮವಾರ ಅಕ್ಕ ಸ್ನಾನ ಮುಗಿಸಿ, ಮೊದಲ ಬಾರಿಗೆ ಯಾರ ಕೈಯನ್ನೂ ಹಿಡಿಯದೆ ಹೊರಗೆ ಹೊರಟಳು. ಮಂಡಿ ಸ್ವಲ್ಪ ಸಡಿಲಿತ್ತು. ಕೊಳಗ ಹಿಡಿದು ಹೊರಗೆ ನಿಂತಿದ್ದ ಮಹಾಲಿಂಗಯ್ಯನಿಗೂ ಖುಷಿಯಾಯಿತು. ಆಧಾರಕ್ಕೆಂದು ತೋಳು ಅಗಲಿಸಿದವಳ ಎರಡು ಮೊಣಕೈಗಳೂ ಬಾಗಿಲ ಕಲ್ಲುಗಳಿಗೆ ತಗುಲಿದವು. ಅಕ್ಕ ನಿಂತಳು. ತಿರುಗಿ ಒಳಗೆ ಹೋಗಿ, ತೊಟ್ಟಿಯ ಈ ಅಂಚಿನಿಂದ ಆ ಅಂಚಿಗೆ ತೋಳುಗಳನ್ನು ಪೂರ್ತಿ ಚಾಚಿ ಮುಟ್ಟಿದಳು, ಆಮೇಲೆ ಅದರ ಎತ್ತರವನ್ನೂ ಸವರಿ ನೋಡಿದಳು, ಮತ್ತೆ ಬಾಗಿಲಿಗೆ ಬಂದಳು. "ಮಾಲಿಂಗ, ಬಾಗ್ಲು ಇಷ್ಟೇ ಐತೆ. ಅಷ್ಟು ದೊಡ್ಡ ತೊಟ್ಟಿ ಒಳಕ್ಕೆ ಹೆಂಗ್ ಬಂತಪ್ಪಾ?" ಎಂದು ಮೆಲ್ಲಗೆ ಕೇಳಿದಳು. ಮಹಾಲಿಂಗಯ್ಯ ಆ ಬಾಗಿಲನ್ನು ಅಂದೇ ಮೊದಲು ಕಂಡವನಂತೆ ನೋಡಿದ. ಅಜ್ಜನ ಕಾಲದ ಕಲ್ಲಿನ ಚೌಕಟ್ಟು, ಅದರ ಹಳೆಯ ಸುಣ್ಣ ಒಂದು ಚೂರೂ ಕದಲಿರಲಿಲ್ಲ. ಬೆಂಗಳೂರಿನಿಂದ ಬಂದ ತೊಟ್ಟಿಯನ್ನು ನಿಲ್ಲಿಸಿದರೂ, ಮಲಗಿಸಿದರೂ ಆ ಬಾಗಿಲಲ್ಲಿ ಅದು ಹಿಡಿಸುವಂತಿರಲಿಲ್ಲ.