ಮುಷ್ಟಿಯೊಳಗಿನ ಪುಟ್ಟ ಶೀಶೆ

"ಕೈ ಬಿಚ್ರಿ! ಅದರಾಗ ಏನೈತಿ?"

ಆಸ್ಪತ್ರೆಯ ಕಾರಿಡಾರಿನಲ್ಲಿ ಮಂಜುಳ ಆ ನರ್ಸ್ ಹುಡುಗನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು.

ಅವಳ ಅಕ್ಕ ಶಾಂತಕುಮಾರಿಗೆ ಏಳು ತಿಂಗಳಿಗೇ ಹೆರಿಗೆಯಾಗಿ, ರಾಯದುರ್ಗದಿಂದ ಆಂಬುಲೆನ್ಸ್‌ನಲ್ಲಿ ಅನಂತಪುರಕ್ಕೆ ಕರೆತಂದಿದ್ದರು. ಕೂಸಿನ ಎದೆ ಉಸಿರುಸಿರಿಗೂ ಒಳಕ್ಕೆ ಕುಸಿಯುತ್ತಿತ್ತು. ಅದಕ್ಕೆ ಕೊಡಬೇಕಾದ ಔಷಧಿಯನ್ನು ಫ್ರಿಜ್ಜಿನಿಂದ ತೆಗೆದ ಇವನು, ಮುಷ್ಟಿಯೊಳಗೆ ಮುಚ್ಚಿಕೊಂಡು ಸುಮ್ಮನೆ ನಿಂತಿದ್ದ!

'ಕದ್ದು ಮಾರೋನೇ ಇವನು...'

ಅವನು ಕೊಸರಾಡಲಿಲ್ಲ. "ಹಿಡ್ಕೊಳ್ಳಿ, ಆದ್ರೆ ಅಲ್ಲಾಡಿಸ್ಬೇಡಿ. ಇದು ಸರ್ಫ್ಯಾಕ್ಟಂಟ್ ಅಂತ. ತಣ್ಣಗಿದ್ರೆ ಕೊಡಂಗಿಲ್ಲ, ಎಂಟು ನಿಮಿಷ ಕೈಯಾಗೇ ಬೆಚ್ಚಗೆ ಮಾಡ್ಬೇಕು."

"ಏನಕ್ಕದು?"

"ದಿನ ತುಂಬದ ಮಕ್ಕಳ ಶ್ವಾಸಕೋಶದಾಗೆ ಜಿಡ್ಡಿನಂಥದ್ದೊಂದು ಇನ್ನೂ ಹುಟ್ಟಿರಲ್ಲ ಕಣ್ರೀ. ಉಸಿರು ಬಿಟ್ಟಾಗೆಲ್ಲ ಒಳಗೆ ಅಂಟ್ಕೊಂಡ್ಬಿಡ್ತದೆ. ಇದು ಅಂಟೋಕೆ ಬಿಡಲ್ಲ."

"ಹಂಗಾದ್ರ ನನ್ನ ಕಣ್ಮುಂದನ ನಿಂದ್ರಿ."

ನಿಂತ. ಎಂಟು ನಿಮಿಷವೂ!

ಡಾಕ್ಟರ್ ಕರೆದರು. ಕೂಸಿನ ಗಂಟಲಿಗಿಳಿದ ಸಣ್ಣ ಕೊಳವೆಯಲ್ಲಿ ಹಾಲಿನಂಥ ಔಷಧಿ ಇಳಿಯುವುದನ್ನು ಅವಳು ಗಾಜಿನಾಚೆಯಿಂದ ಕಂಡಳು. ಮಧ್ಯಾಹ್ನದ ಹೊತ್ತಿಗೆ ಕೂಸಿನ ಎದೆ ಕುಸಿಯುವುದು ಕಡಿಮೆಯಾಗಿತ್ತು.

ಅವನ ಹೆಸರು ಗೋವರ್ಧನ್. ಮಡಕಶಿರಾ ಕಡೆಯವನು. ಅಂದಿನಿಂದ ದಿನವೂ, "ಇವತ್ತು ಹತ್ತು ಗ್ರಾಂ ಏರಿದಾನೆ ನಿಮ್ಮ ಹೀರೋ," ಎಂದು ಹೇಳಿ ಹೋಗುತ್ತಿದ್ದ.

ಮಂಜುಳಳಿಗೆ ಆ ನಗುವಿನ ಮೇಲೂ ಅನುಮಾನ. ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಟೈಲರ್ ಆಗಿದ್ದ ಅವಳಿಗೆ ಹಿಂದಿನ ವರ್ಷ ನಿಶ್ಚಿತಾರ್ಥವಾಗಿತ್ತು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದ ಆ ಗಂಡಿಗೆ ಆಗಲೇ ಹೆಂಡತಿಯಿದ್ದದ್ದು ತಿಳಿದು ಅದು ಮುರಿದುಬಿದ್ದಿತ್ತು!

ಆದರೂ ಗೋವರ್ಧನನ ಹೆಜ್ಜೆ ಸಪ್ಪಳಕ್ಕೆ ಕಿವಿ ತಾನೇ ನಿಮಿರುತ್ತಿತ್ತು...

ಒಂದು ಸಂಜೆ ಮೆಟ್ಟಿಲ ಬಳಿ ಅವನ ದನಿ ಕೇಳಿಸಿತು. "ಸೌಭಾಗ್ಯ, ಉಂಡ್ಯಾ? ಅಳ್ಬೇಡ, ಭಾನುವಾರ ಬರ್ತೀನಿ."

'ಇವನೂ ಅಂಥವನೇ!'

ಮರುದಿನದಿಂದ ಅವಳು ಮುಖ ತಿರುಗಿಸಿಕೊಂಡಳು. ಅವನು ಮಾತಾಡಿಸಲು ಬಂದರೆ ಎದ್ದು ಹೋದಳು.

ಮೂವತ್ತನೆಯ ದಿನ ಕೂಸಿಗೆ ಡಿಸ್ಚಾರ್ಜ್. ಗೋವರ್ಧನ್ ಗೇಟಿನವರೆಗೂ ಬಂದ.

"ನಾನೇನ್ ತಪ್ಪು ಮಾಡ್ದೆ? ಅದನ್ನ ಹೇಳಿ ಹೋಗಿ."

"ಸೌಭಾಗ್ಯನ್ನ ಕೇಳ್ರಿ! ಮನ್ಯಾಗ ಹೆಂಡ್ತಿ ಇಟ್ಕಂಡು ನನ್ನ ಮುಂದ ಯಾಕ ನಗಾಡ್ತೀರಿ?"

ಅವನ ಮುಖ ಬಾಡಿತು.

"ನನ್ನ ತಂಗಿ ಅವಳು. ಬೆಂಗಳೂರಲ್ಲಿ ಗಾರ್ಮೆಂಟ್ಸ್ ಕೆಲ್ಸದಲ್ಲಿದ್ದಾಗ ಏಳು ತಿಂಗಳಿಗೇ ಹೆರಿಗೆಯಾತು. ಈ ಔಷಧಿ ಇರೋ ಆಸ್ಪತ್ರೆಗೆ ಸೇರ್ಸೋವಷ್ಟರಾಗೆ ಮಗು ಹೋತು. ಈಗ ನಮ್ಮೂರು ಅಮರಾಪುರದಾಗೆ ಅಮ್ಮನ ಜೊತೆಗವ್ಳೆ. ನಾನು ಫೋನ್ ಮಾಡ್ದಿದ್ರೆ ಉಣ್ಣಲ್ಲ."

'ಇಂಥವನನ್ನು ಕಳ್ಳನೆಂದೆ, ಮೋಸಗಾರನೆಂದೆ...' ಮಂಜುಳಳ ಕಣ್ಣು ತುಂಬಿ ಬಂತು.

"ತಪ್ಪಾತ್ರಿ."

"ಅನುಮಾನ ಪಡಿ, ಪರವಾಗಿಲ್ಲ. ಮುಖ ಮಾತ್ರ ತಿರುಗಿಸ್ಬೇಡಿ. ನನ್ ಕೈಲಿ ತಡಿಯಾಕಾಗಲ್ಲ... ನಿಮ್ಮನ್ನ ಅಷ್ಟು ಹಚ್ಕೊಂಡಿದೀನಿ."

ಆಟೋದಲ್ಲಿ ಕೂತಿದ್ದ ಅಕ್ಕ ಅವಸರಿಸಿ ಕರೆದಳು. ಮಂಜುಳ ಕದಲಲಿಲ್ಲ.

"ಭಾನುವಾರ ನೀವು ಊರಾಗ ಇರ್ತೀರಲ್ರಿ?"

"ಇರ್ತೀನಿ. ಯಾಕೆ?"

"ಅಪ್ಪನ್ನ ಕರ್ಕಂಡು ಬರ್ತೀನ್ರಿ. ಸೌಭಾಗ್ಯನ್ನೂ ನೋಡ್ದಂಗಾತು."

"ಅಪ್ಪ ಯಾಕೆ?"

"ಅಷ್ಟೂ ತಿಳಿಯಂಗಿಲ್ಲೇನ್ರಿ ನಿಮಗ?"

ಅವನಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ತಿಳಿದೊಡನೆ ಜೇಬಿನಿಂದ ಫೋನ್ ತೆಗೆದ.

"ಬನ್ನಿ..." ಎಂದ. "ಅಮ್ಮಂಗೆ ಈಗ್ಲೇ ಹೇಳ್ತೀನಿ."