ನಾಲ್ಕನೇ ನಟ್ಟು

ಕಳ್ಳ ಸಿಕ್ಕಿಬಿದ್ದ ಎಂದು ಸಲೋಮಿಗೆ ಖಾತ್ರಿಯಾಗಿತ್ತು. ಇಲ್ಲದಿದ್ದರೆ ಹದಿನೈದು ದಿನದ ಹಿಂದೆ ಕಳುವಾದ ಚರ್ಚಿನ ನೀರಿನ ಮೋಟಾರು, ಮಟಮಟ ಮಧ್ಯಾಹ್ನ ಒಳಗೆ ಬಂದ ಈ ಆಳಿನ ಲೂನಾದ ಹಿಂದೆ ಹೇಗೆ ಬಂತು? ಅವನು ಅದನ್ನು ಬಾವಿಕಟ್ಟೆಯ ಮೇಲೆ ಇಳಿಸುವಷ್ಟರಲ್ಲಿ ಅವಳು ಹಿಂದಿನಿಂದ ಹೋಗಿ ಗೇಟಿಗೆ ಬೀಗ ಜಡಿದಳು.

ಸದ್ದಿಗೆ ಅವನು ತಿರುಗಿದ. ನಲವತ್ತರ ಆಸುಪಾಸಿನ ಆಳು, ಅಂಗಿಯ ತುಂಬ ವಾರ್ನಿಶ್ ಕಲೆ.

"ಯಾಕ್ರಿ, ನನ್ನ ಯಾಕ ಒಳಗ ಹಾಕಿದ್ರಿ?"

"ಪಾಸ್ಟರ್ ಬರೂ ತನಕ ಅಲ್ಲೇ ನಿಂದರ್ರಿ. ಓಡಿದ್ರ ಚೀರತೇನಿ."

"ಕಾಂಪೌಂಡ್ ಗ್ವಾಡಿ ನನ್ನ ಸೊಂಟದ ಮಟ್ಟ ಐತಿ. ಓಡೂದಿದ್ರ ಗೇಟ್ ಯಾಕ ಬೇಕ್ರಿ?" ಅವನು ಬೇವಿನ ನೆರಳಿಗೆ ಹೋಗಿ ಕೂತೇಬಿಟ್ಟ. "ಕುಡ್ಯಾಕ ನೀರರ ಕೊಡ್ರಿ. ಕಳ್ಳರಿಗೂ ನೀರಡಿಕಿ ಆಗತೈತಿ."

ಸಲೋಮಿ ಚೊಂಬು ತಂದು ಮಾರು ದೂರದಲ್ಲಿಟ್ಟಳು. ಅವನು ಅದನ್ನು ಎಡಗೈಯಲ್ಲಿ ಎತ್ತಿ ಒಂದೇ ಗುಟುಕಿಗೆ ಕುಡಿದ.

ಅವನ ಹೆಸರು ಶಟ್ಟೆಪ್ಪ. ದೊಡವಾಡದಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಸಣ್ಣ ಅಂಗಡಿ ಇಟ್ಟಿದ್ದ. "ನಿನ್ನಿ ಒಬ್ಬಾಂವ ಇದನ್ನ ಮಾರಾಕ ತಂದ. ಬಿಚ್ಚಿ ನೋಡಿದ್ರ ಒಳಗ ನಂದ ಗಂಟು. ನಾ ಎಡಚ, ತಂತಿ ಸುತ್ತಿ ನಾ ಕಟ್ಟಿದ ದಾರದ ಗಂಟು ಎಲ್ಲಾ ಉಲ್ಟಾ ಬೀಳತಾವ. ಚಾ ತರಸ್ತೇನಿ ಕುಂದ್ರಪಾ ಅಂದೆ, ಅಂವ ಓಡಿ ಹೋದ."

"ಚರ್ಚಿಂದು ಅಂತ ಹೆಂಗ ಗೊತ್ತಾತು?"

"ಮೂರು ವರ್ಷದ ಹಿಂದ ನಾ ಇಲ್ಲೇ ಬೈಲಹೊಂಗಲದಾಗ ಉಸ್ತಾದರ ಅಂಗಡ್ಯಾಗ ಅವರ ಕೈಕೆಳಗ ಇದ್ದೆ. ಇದನ್ನ ಚರ್ಚ್ ನೋಡಿಕೊಳ್ಳೂ ಅಜ್ಜಾರು ತಂದಿದ್ರು. ಇಡೀ ದಿನ ನನ್ನ ಬಾಜೂಕ ಕುಂತು, 'ಎಡಗೈಲೆ ಸುತ್ತಾಕ ಹತ್ತೀಯಲ್ಲೋ ತಮ್ಮಾ, ನಾಳೆ ಇದು ಉಲ್ಟಾ ತಿರಗಿ ನೀರು ಬಾವಿಗೇ ಹೋದೀತು' ಅಂದ್ರು."

ಸಲೋಮಿ ನಕ್ಕುಬಿಟ್ಟಳು. ಅದು ಅಪ್ಪನದೇ ಮಾತು, ಅಪ್ಪನದೇ ಧಾಟಿ. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಆಮೇಲೆ ಅವಳು ಸದ್ದು ಮಾಡಿ ನಕ್ಕಿದ್ದು ಇದೇ ಮೊದಲು. ನಗು ನಿಂತ ಮೇಲೆ ಅಳು ಬಂತು. ಮುಖ ಮರೆಸಿಕೊಳ್ಳಲು ಬೀಗ ತೆಗೆಯುವ ನೆಪ ಮಾಡಿಕೊಂಡು ಗೇಟಿನತ್ತ ಹೋದಳು.

ಅವಳಿಗೆ ಮೂವತ್ತಾರು. ಅಪ್ಪನ ಕಾಯಿಲೆಯಲ್ಲಿ ಗಂಡು ನೋಡುವ ಕಾಲ ಕಳೆದುಹೋಗಿತ್ತು. ಕಸ ಹೊಡೆಯುವುದು, ಗಂಟೆ ಬಾರಿಸುವುದು, ಗಿಡಕ್ಕೆ ನೀರು ಬಿಡುವುದು ಎಲ್ಲ ಅಪ್ಪನಿಂದ ಅವಳ ಪಾಲಿಗೆ ಬಂದಿತ್ತು, ಜೊತೆಗೆ ಕಾಂಪೌಂಡಿನ ಮೂಲೆಯ ಎರಡು ಕೋಣೆಯ ಮನೆಯೂ. ರವಿವಾರ ಆರಾಧನೆ ಮುಗಿಸಿ ಜನ ಹೋದರೆಂದರೆ ಮುಂದಿನ ಪ್ರಾರ್ಥನಾಕೂಟ ಬುಧವಾರ. ನಡುವಿನ ಎರಡು ದಿನ ಅವಳನ್ನು ಹೆಸರು ಹಿಡಿದು ಕರೆಯುವ ಒಂದು ಜೀವವೂ ಇರಲಿಲ್ಲ.

ಆ ಮನೆಯೂ ಈಗ ಅನುಮಾನದಲ್ಲಿತ್ತು. ಮೊದಲು ಏಣಿ ಹೋಯಿತು, ಆಮೇಲೆ ನೂರಡಿ ಪೈಪು, ಕೊನೆಗೆ ಮೋಟಾರು. ಒಂಟಿ ಹೆಂಗಸಿನ ಕೈಯಲ್ಲಿ ಕಾವಲು ಆಗದು, ಸಂಸಾರಸ್ಥ ವಾಚ್‌ಮನ್‌ನನ್ನು ತಂದು ಮನೆ ಅವನಿಗೆ ಕೊಡೋಣ ಎಂದು ಚರ್ಚ್ ಕಮಿಟಿಯ ಸೆಕ್ರೆಟರಿ ಪಟ್ಟು ಹಿಡಿದಿದ್ದರು. ಮೋಟಾರು ಮರಳಿ ಬಂದದ್ದರಿಂದ ಪಾಸ್ಟರಿಗೆ ಒಂದು ಮಾತು ಸಿಕ್ಕಿತು. ಇನ್ನೆರಡು ತಿಂಗಳು ಸಲೋಮಿಯೇ ಇರಲಿ, ಹೊರಗಿನ ಸಾಮಾನೆಲ್ಲ ಭದ್ರವಾದರೆ ಮನೆ ಅವಳದೇ ಎಂದು ಕಮಿಟಿಯನ್ನು ಒಪ್ಪಿಸಿದರು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಆ ಕೆಲಸಕ್ಕೆ ಶಟ್ಟೆಪ್ಪ ತಾನೇ ಮುಂದೆ ಬಂದ. ಕಾಂಕ್ರೀಟಿನಲ್ಲಿ ನಾಲ್ಕು ಬೋಲ್ಟು ಹೂತ. ಮೋಟಾರು ಕೂರಿಸಿ, ನಟ್ಟು ಬಿಗಿದು, ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದ. ಹಾಗೆ ಮಾಡಿದರೆ ಯಾವ ಸ್ಪ್ಯಾನರ್ ಹಾಕಿದರೂ ಬಿಚ್ಚಲು ಬರುವುದಿಲ್ಲ. ಮೂರು ಮುಗಿದವು. ನಾಲ್ಕನೆಯದಕ್ಕೆ ಬಂದಾಗ ಜೇಬು ತಡಕಿದ.

"ಈ ಸೈಜಿನ ನಟ್ಟು ಇಲ್ಲ ನೋಡ್ರಿ. ಮುಂದಿನ ಸಂತಿಗೆ ತರತೇನಿ."

ಮುಂದಿನ ಸಂತೆಗೆ ತಂದ. ದೊಡ್ಡದಾಯಿತು. ಅದರ ಮುಂದಿನ ಸಂತೆಗೆ ಇನ್ನೊಂದು ತಂದ, ಅದು ಇನ್ನೂ ದೊಡ್ಡದು. ಇಪ್ಪತ್ತು ವರ್ಷ ಕಬ್ಬಿಣದೊಂದಿಗೆ ಬಾಳಿದವನಿಗೆ ನಟ್ಟಿನ ಅಳತೆ ತಿಳಿಯದೆ? ಸಲೋಮಿ ಕೇಳಲಿಲ್ಲ. ಚಹಾ ಕೊಟ್ಟಳು. ಅವನು ಕಪ್ಪನ್ನು ಎಡಗೈಯಲ್ಲಿ ತೆಗೆದುಕೊಳ್ಳುವಾಗ ಪ್ರತಿ ಸಲ "ತಪ್ಪು ತಿಳೀಬ್ಯಾಡ್ರಿ" ಎನ್ನುತ್ತಿದ್ದ. ಅವಳು ಪ್ರತಿ ಸಲ "ಚಾಕ್ಕ ಯಾವ ಕೈಯಾದ್ರೇನು" ಎನ್ನುತ್ತಿದ್ದಳು. ಅವನ ಹೆಂಡತಿ ತೀರಿ ಐದು ವರ್ಷವಾಗಿತ್ತು. ಅದನ್ನೂ ಒಂದು ಸಂತೆಯ ದಿನ ಹೇಳಿದ. ಸಲೋಮಿ ಅವನ ಆರಿದ ಚಹಾ ಚೆಲ್ಲಿ ಬಿಸಿದು ತಂದಳು.

ನಾಲ್ಕನೇ ವಾರ ಅವನಿಗೆ ಏನನ್ನಿಸಿತೋ, ಸರಿಯಾದ ನಟ್ಟನ್ನೇ ತಂದ. ಸಲೋಮಿ ಕೈಯೊಡ್ಡಿ ಇಸಿದುಕೊಂಡು ತಾನೇ ಬೋಲ್ಟಿಗೆ ತಿರುಗಿಸಿದಳು. ಎರಡು ಸುತ್ತು ಸಲೀಸಾಗಿ ಇಳಿಯಿತು. ಇವತ್ತಿಗೆ ಕೆಲಸ ಮುಗಿಯಿತು, ಇನ್ನು ಇವನು ಬರುವುದಿಲ್ಲ. ತಿರುಗಿಸಿದಷ್ಟನ್ನೂ ಬಿಚ್ಚಿ ಅವನತ್ತ ನೋಡದೆ ಹೇಳಿದಳು.

"ಇದೂ ಕೂಡವಲ್ದು."

ಶಟ್ಟೆಪ್ಪ ಅವಳ ಬೆರಳನ್ನೂ ನಟ್ಟನ್ನೂ ನೋಡಿದ. ತುಟಿಯ ಮೂಲೆಯಲ್ಲಿ ನಗು ಬಂತು, ಅದನ್ನು ಟವೆಲಿನಿಂದ ಒರೆಸಿಕೊಂಡ.

"ಹೌದ್ರಿ. ಒಂದೀಟು ಸಣ್ಣದೈತಿ."

ಆ ರಾತ್ರಿ ಸಲೋಮಿ ಕಿಟಕಿಯ ಕಟ್ಟೆಯ ಮೇಲೆ ಅವನು ಬಿಟ್ಟುಹೋದ ನಟ್ಟುಗಳನ್ನು ಸಾಲಾಗಿ ಜೋಡಿಸಿ, ಒಬ್ಬಳೇ ನಕ್ಕು, ಹಾಗೇ ಮಲಗಿದಳು. ಬಹಳ ದಿನದ ಮೇಲೆ ನಿದ್ದೆ ಬಂತು.

ಎರಡು ತಿಂಗಳು ತುಂಬುವ ಮೊದಲೇ, ಒಂದು ಸಂತೆಯ ದಿನ, ಸೆಕ್ರೆಟರಿ ಇಬ್ಬರು ಹಿರಿಯರನ್ನು ಕರೆದುಕೊಂಡು ತಪಾಸಣೆಗೆ ಬಂದರು. ಪಾಸ್ಟರೂ ಇದ್ದರು. ಶಟ್ಟೆಪ್ಪ ಬಾವಿಕಟ್ಟೆಯ ಮೇಲೆ ಚಹಾ ಕುಡಿಯುತ್ತ ಸಿಕ್ಕಿದ.

"ಮೂರ ನಟ್ಟು? ನಾಲ್ಕನೇದು ಎಲ್ಲೈತಿ?" ಸೆಕ್ರೆಟರಿ ಬಗ್ಗಿ ನೋಡಿ ಕೇಳಿದರು.

"ಸೈಜು ಸಿಗಲಿಲ್ರಿ," ಎಂದ ಶಟ್ಟೆಪ್ಪ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಸಲೋಮಿಯ ಕಣ್ಣು ಅವಳನ್ನು ಕೇಳದೆ ಕಿಟಕಿಯತ್ತ ಹೋಯಿತು. ಸೆಕ್ರೆಟರಿಯ ಕಣ್ಣೂ ಹಿಂದೆಯೇ ಹೋಯಿತು. ವಾರಕ್ಕೊಂದರಂತೆ ಅಲ್ಲಿ ಸೇರಿದ್ದ ಏಳು ನಟ್ಟುಗಳನ್ನು ಅವರು ತಂದು ಒಂದೊಂದಾಗಿ ಹಾಕಿ ನೋಡಿದರು. ಒಂದು ಸರ್‍ರನೆ ಕೂತಿತು.

"ಇಲ್ಲೇ ಐತಲ್ಲ! ಇದ್ದದ್ದನ್ನ ಯಾಕ ಹಾಕಿಲ್ಲ? ಸಲೋಮಿ, ಮೋಟಾರ ಮತ್ತ ಹೋಗಲಿ ಅಂತ ಕಾಯಾಕ ಹತ್ತೀಯೇನು?"

ನಿಜ ಹೇಳಿದರೆ ಮನೆ ಹೋಗುತ್ತದೆ. ಹೋದರೆ ಎಲ್ಲಿಗೆ ಹೋಗುವುದು?

"ಆಕೀದೇನೂ ತಪ್ಪಿಲ್ರಿ," ಶಟ್ಟೆಪ್ಪ ಕಪ್ಪು ಕೆಳಗಿಟ್ಟು ಎದ್ದು ನಿಂತ. "ಸೈಜು ಕೂಡೂದಿಲ್ಲ ಅಂತ ಸುಳ್ಳು ಹೇಳಿದಾಂವ ನಾನು. ಕೆಲಸ ಮುಗದ್ರ ಇಲ್ಲಿಗೆ ಬರಾಕ ನೆಪ ಇರೂದಿಲ್ಲ ಅಂತ ಹೇಳೇನಿ. ಆಕಿಗೆ ಗೊತ್ತಿಲ್ಲ."

ಎಲ್ಲರ ಮುಂದೆ ಒಬ್ಬ ಗಂಡಸು ಅವಳಿಗಾಗಿ ಹೀಗೆ ತಲೆ ಕೊಟ್ಟು ನಿಂತಿದ್ದ. ಸಲೋಮಿ ಕಾಲಿನ ಹೆಬ್ಬೆರಳು ನೋಡುತ್ತ ನಿಂತಳು. ಒಂದು ಮಾತು ಆಡಲಿಲ್ಲ.

ಇನ್ನು ಮೇಲೆ ಕಾಂಪೌಂಡಿನಲ್ಲಿ ಕಾಲಿಡಬಾರದು ಎಂದು ಸೆಕ್ರೆಟರಿ ಹೇಳಿದರು. ಶಟ್ಟೆಪ್ಪ ಹೂಂ ಎಂದ. ನಾಲ್ಕನೇ ನಟ್ಟನ್ನು ಬಿಗಿದು, ತುದಿ ಬಡಿದು, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹೋದ. ಪಾಪ, ಹೆಣ್ಣುಮಗಳದೇನು ತಪ್ಪು ಎಂದು ಹಿರಿಯರು ಮನೆಯನ್ನು ಅವಳಿಗೇ ಬಿಟ್ಟರು.

ಮನೆ ಉಳಿಯಿತು. ಗುಂಡಿ ಒತ್ತಿದರೆ ನೀರು ಬರುತ್ತಿತ್ತು. ಸಂತೆಯ ದಿನ ಸಲೋಮಿ ಅಭ್ಯಾಸಬಲದಿಂದ ಎರಡು ಕಪ್ಪು ಚಹಾ ಮಾಡಿದಳು, ಒಂದನ್ನು ಗಿಡಕ್ಕೆ ಚೆಲ್ಲಿದಳು. ಮುಂದಿನ ಸಂತೆಗೂ ಹಾಗೇ ಆಯಿತು. ಅಪ್ಪ ಹೋದಾಗಿನ ಒಂಟಿತನಕ್ಕೆ ದೇವರನ್ನು ದೂರಬಹುದಿತ್ತು. ಇದನ್ನು ಅವಳೇ ಬಾಯಿ ಮುಚ್ಚಿಕೊಂಡು ತಂದುಕೊಂಡಿದ್ದಳು.

ಮೂರನೇ ಸಂತೆಯ ದಿನ ಬೆಳಿಗ್ಗೆ ಪಾಸ್ಟರ ಮನೆಗೆ ಹೋದಳು.

"ಅವತ್ತ ಶಟ್ಟೆಪ್ಪ ಹೇಳಿದ್ದು ಪೂರಾ ಖರೇ ಅಲ್ರಿ. ಸರಿ ನಟ್ಟನ್ನ ಕೂಡೂದಿಲ್ಲ ಅಂದಾಕಿ ನಾನು."

ಪಾಸ್ಟರ್ ಕನ್ನಡಕ ತೆಗೆದಿಟ್ಟರು. "ಕಮಿಟಿ ಮುಂದ ಇದು ಬಂದ್ರ ಮನಿ ಹೋದೀತವ್ವ."

"ಗೊತ್ತೈತ್ರಿ. ನೀವ ಹೇಳಿಬಿಡ್ರಿ."

ಅಲ್ಲಿಂದ ನೇರ ಬಸ್‌ಸ್ಟ್ಯಾಂಡಿಗೆ ನಡೆದು ದೊಡವಾಡದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿದಳು, ಇಳಿಯುವಾಗ ಒಂದೂ ನೆನಪಿರಲಿಲ್ಲ.

ಶಟ್ಟೆಪ್ಪ ಬಿಚ್ಚಿದ ಮೋಟಾರಿನ ಮೇಲೆ ಬಗ್ಗಿ ದಾರ ಕಟ್ಟುತ್ತಿದ್ದ. ಬಾಗಿಲಲ್ಲಿ ನೆರಳು ಬಿದ್ದದ್ದಕ್ಕೆ ತಲೆ ಎತ್ತದೆ ಕೇಳಿದ.

"ಏನ್ ಕೆಟ್ಟೈತ್ರಿ?"

"ಏನೂ ಕೆಟ್ಟಿಲ್ಲ."

ಅವನ ಕೈ ನಿಂತಿತು. ನಿಧಾನಕ್ಕೆ ಮೇಲೆ ನೋಡಿದ.

"ಮೋಟಾರು?"

"ಚೊಲೋ ಐತಿ."

"ಮತ್ತ?"

"ಅವತ್ತ ನಾ ಬಾಯಿ ಬಿಡಲಿಲ್ಲ. ಮನಿ ಹೋಗತೈತಿ ಅಂತ ಅಂಜಿದೆ. ಇವತ್ತ ಪಾಸ್ಟರಿಗೆ ಎಲ್ಲಾ ಹೇಳಿ ಬಂದೇನಿ."

"ಅಯ್ಯ, ಯಾಕ ಹೇಳಿದ್ರಿ? ಮನಿ ಹೋದ್ರ ಏನ್ ಮಾಡ್ತೀರಿ?"

"ಹೋಗಲಿ," ಎಂದಳು ಸಲೋಮಿ. "ಆ ಮನ್ಯಾಗ ನನಗ ಒಬ್ಬಾಕಿಗೆ ಇರಾಕ ಆಗವಲ್ದು."

ಶಟ್ಟೆಪ್ಪ ದಾರ ಬಿಟ್ಟು ಎದ್ದ. ಗಿರಾಕಿಗಳ ಸ್ಟೂಲಿನ ಮೇಲಿದ್ದ ತಂತಿ ಸುರುಳಿಗಳನ್ನು ನೆಲಕ್ಕೆ ಇಳಿಸಿ, ಟವೆಲಿನಿಂದ ಎರಡು ಸಲ ಒರೆಸಿ, ಅದನ್ನು ತನ್ನ ಮಗ್ಗುಲಿಗೆ ಎಳೆದುಕೊಂಡ.

"ಕುಂದರ್ರಿ," ಎಂದ.